ನಾಲ್ಕು ತಾಲೂಕಿಗೆ ಒಂದೇ ಪುಸ್ತಕ

ಕರೆಂಟಿನ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ತಂತಿಯಿಂದ ಶಾಕ್ ಹೊಡೆಯುವುದು ಕಡಿಮೆ, ಮಂದಿಯಿಂದ ಹೊಡೆಯುವುದೇ ಹೆಚ್ಚು. ಹೋದ ವರ್ಷ ಮಾತ್ರ ನನಗೆ ಒಂದು ಪುಸ್ತಕದಿಂದ ಹೊಡೆಯಿತು, ಅದೂ ಮೇಲಿಂದ ಮೇಲೆ.

ನಾನು ಹಾನಗಲ್ ಕಡೆಯ ಒಂದು ವಿದ್ಯುತ್ ಸ್ಟೇಷನ್ನಿನಲ್ಲಿ ಆಪರೇಟರ್. ಲೈನಿನಲ್ಲಿ ಏನಾದರೂ ಎಡವಟ್ಟಾದರೆ ರಿಲೇ ಎಂಬ ಪೆಟ್ಟಿಗೆ ಅದನ್ನು ಗುರುತು ಹಿಡಿಯುತ್ತದೆ, ಬ್ರೇಕರಿಗೆ ಹೇಳಿ ಕರೆಂಟು ಕಡಿಸುತ್ತದೆ. ಇದಕ್ಕೆ 'ಪ್ರೊಟೆಕ್ಷನ್' ಅನ್ನುತ್ತಾರೆ. ಈ ವಿಷಯದ ಪರೀಕ್ಷೆ ಪಾಸಾದರೆ ಆಪರೇಟರ್ ಎಂಜಿನಿಯರ್ ಆಗುತ್ತಾನೆ. ಮೂರೇ ಅವಕಾಶ. ನಾನು ಎರಡು ಸಲ ಡುಮ್ಕಿ ಹೊಡೆದಿದ್ದೆ. ನಾಚಿಕೆಯ ಸಂಗತಿ ಎಂದರೆ, ಅದು ಪುಸ್ತಕ ನೋಡಿಕೊಂಡು ಬರೆಯುವ ಪರೀಕ್ಷೆ! ಎರಡು ಸಲವೂ ಮೂರು ತಾಸು ಪುಟ ಹುಡುಕುವುದರಲ್ಲೇ ಹೋಗಿತ್ತು.

ಈ ಸಲ ಬಿದ್ದರೆ ಮುಗಿಯಿತು. ನಾನೇ ಕೈ ಹಿಡಿದು ಕೆಲಸ ಕಲಿಸಿದ ಶಿಗ್ಗಾವಿಯವನು ಪಾಸಾಗಿ ನನ್ನ ಮೇಲಿನ ಸಾಹೇಬನಾಗಿ ಬರುತ್ತಾನೆ. ಅವನಿಗೆ ಎದ್ದು ನಿಂತು "ಸರ" ಅನ್ನುವ ಕನಸು ಬಿದ್ದು ನಾನು ಎರಡು ಸಲ ಬೆಚ್ಚಿಬಿದ್ದಿದ್ದೆ.

ಪರೀಕ್ಷೆಗೆ ಕಟ್ಟಿದವರು ನಾಲ್ವರು: ಶಿಗ್ಗಾವಿ, ಸವಣೂರು, ಹಿರೇಕೆರೂರು ಮತ್ತು ನಾನು. ಸ್ಟೇಷನ್ ಫೋನಿನಲ್ಲಿ ನಮಗೆ ಹೆಸರಿಲ್ಲ, ಊರೇ ಹೆಸರು. ಇದ್ದದ್ದು ಒಂದೇ ಪುಸ್ತಕ, ಒಂಬೈನೂರು ಪುಟದ್ದು. ಹೊಸ ಪ್ರತಿ ಎಲ್ಲೂ ಸಿಗಲಿಲ್ಲ, ಝೆರಾಕ್ಸ್ ಪರೀಕ್ಷೆಯಲ್ಲಿ ನಡೆಯುವುದಿಲ್ಲ. ಹಾಗಾಗಿ ವಾರಕ್ಕೊಬ್ಬರಂತೆ ಪಾಳಿ ಹಚ್ಚಿದೆವು. ಪುಸ್ತಕ ಪ್ರತಿ ಸೋಮವಾರ ಬಸ್ಸಿನಲ್ಲಿ ಊರಿಂದೂರಿಗೆ ಹೋಗುತ್ತಿತ್ತು.

೧. ಚಕ್ರದ ಕೆಳಗಿನ ಪ್ರೊಟೆಕ್ಷನ್

ಮೊದಲ ಸೋಮವಾರ ಹಿರೇಕೆರೂರಿನವನು ಪುಸ್ತಕವನ್ನು ಕಂಡಕ್ಟರನ ಕೈಗೆ ಕೊಟ್ಟು ನನಗೆ ಫೋನು ಮಾಡಿದ. ನಾನು ಹಾನಗಲ್ ಸ್ಟ್ಯಾಂಡಿನಲ್ಲಿ ಕಾಯುತ್ತ ನಿಂತೆ. ಬಸ್ಸು ಒಂದು ತಾಸು ತಡವಾಗಿ ಬಂತು. ಕಂಡಕ್ಟರ್ ಇಳಿದವನೇ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಪ್ರಸಾದದಂತೆ ಕೊಟ್ಟ. ಬಿಚ್ಚಿ ನೋಡಿದರೆ ರಟ್ಟು ಹರಿದು ಚಪ್ಪಟೆ, ಮೊದಲಿನ ಹತ್ತಾರು ಪುಟದ ಮೇಲೆ ಟಾಯರಿನ ಕರೀ ಗುರುತು.

"ಏನ್ರಿ ಇದು?" ಅಂದೆ, ಅಳುವುದೊಂದು ಬಾಕಿ.

"ಚಿಕ್ಕೇರೂರ ಇಳಿಜಾರಿನ್ಯಾಗ ಹ್ಯಾಂಡ್‌ಬ್ರೇಕ್ ಕೈಕೊಡ್ತರಿ. ಡ್ರೈವರ್ ಚಾ ಕುಡ್ಯಾಕ ಇಳದಿದ್ದ. ಗಾಡಿ ಹಿಂದಕ್ಕ ಸರಿಯಾಕತ್ತು. ಕಲ್ಲು ಹುಡುಕೂದ್ರಾಗ ನಿಮ್ಮ ಪುಸ್ತಕ ಕೈಗೆ ಸಿಕ್ತು, ಚಕ್ರದ ಬುಡಕ ಕೊಟ್ಟೆ."

"ಓದೂ ಪುಸ್ತಕ ಅಲ್ಲೇನ್ರಿ ಅದು!"

"ಸಿಟ್ಟಾಗಬ್ಯಾಡ್ರಿ. ಒಳಗ ಏನ್ ಬರದಾರೋ ನಂಗೊತ್ತಿಲ್ಲ. ಆದ್ರ ಐವತ್ತು ಮಂದಿ ಪ್ರಾಣ ಉಳಿಸೇತಿ ನೋಡ್ರಿ. ಬರದಾತ ಭಾಳ ಶಾಣ್ಯಾ ಇರಬೇಕು."

೨. ಬಿದ್ದ ಬ್ರೇಕರು, ಕಳೆದ ಎಮ್ಮೆ

ಅದೇ ವಾರ ಅಕ್ಕಿಆಲೂರಿನ ಒಂದು ಅಕ್ಕಿ ಮಿಲ್ಲಿನಲ್ಲಿ ಬ್ರೇಕರ್ ಪದೇ ಪದೇ ಬೀಳುತ್ತಿತ್ತು. ಮಾಲೀಕರು ಪರಿಚಯದವರು. ಕರೆದರು, ಹೋದೆ. ಒಣ ವಿದ್ಯೆಗಿಂತ ಕಣ್ಣಾರೆ ನೋಡಿದ್ದು ಮೇಲು ಎಂದು ಪುಸ್ತಕವನ್ನೂ ಬಗಲಲ್ಲಿಟ್ಟುಕೊಂಡೆ.

ಭತ್ತದ ಚೀಲದ ಮೇಲೆ ಕೂತು ಪುಸ್ತಕ ತೆರೆದೆ. ತೆರೆದ ಪುಟದಲ್ಲಿ ದೊಡ್ಡ ವೃತ್ತ, ವೃತ್ತದೊಳಗೆ ಅಡ್ಡಡ್ಡ ಗೆರೆ. ನಾನು ಬೆರಳು ಮಡಿಚಿ ಲೆಕ್ಕ ಹಾಕುತ್ತಿದ್ದೆ. ಭತ್ತ ತಂದ ರೈತರು ಒಬ್ಬೊಬ್ಬರಾಗಿ ಸುತ್ತ ಬಂದು ಕೂತರು. ಒಬ್ಬ ಹಿರಿಯರಂತೂ ಚಪ್ಪಲಿ ಬಿಟ್ಟು ಕೂತರು. ಲೆಕ್ಕ ಮುಗಿಸಿ, "ಮೂಲಿಯೊಳಗಿನ ಮೋಟರ್ ಸುಟ್ಟೇತಿ, ಬಿಚ್ಚಿ ನೋಡ್ರಿ" ಅಂದೆ. ಬಿಚ್ಚಿದರು. ಖರೇನೇ ಸುಟ್ಟಿತ್ತು. (ಅದರ ವಾಸನೆ ಬಾಗಿಲಲ್ಲೇ ನನ್ನ ಮೂಗಿಗೆ ಬಡಿದಿತ್ತು ಎಂಬುದನ್ನು ಯಾರಿಗೂ ಹೇಳಲಿಲ್ಲ.)

ಚಪ್ಪಲಿ ಬಿಟ್ಟು ಕೂತ ಹಿರಿಯರು ಕೈಮುಗಿದು, "ಬುದ್ಧಿ, ಹಂಗ ಆ ಕುಂಡಲಿ ನೋಡಿ ನಮ್ಮ ಎಮ್ಮಿ ಯಾವ ದಿಕ್ಕಿಗೆ ಹೋಗೇತಿ ಹೇಳ್ರಿ. ಮೂರು ದಿನಾತು" ಅಂದರು.

"ಅಜ್ಜಾರ, ಇದು ಪಂಚಾಂಗ ಅಲ್ರಿ. ಇಂಥಾವೆಲ್ಲಾ ನಂಗ ಗೊತ್ತಾಗಂಗಿಲ್ಲ" ಎಂದು ಕೈಯಾಡಿಸಿದೆ. ಕೈ ಕೆರೆಯ ಕಡೆ ಹೋಗಿತ್ತಂತೆ. ಎಮ್ಮೆಯೂ ಕೆರೆಯ ಕಡೆಯೇ ಸಿಕ್ಕಿತಂತೆ. ಮರುದಿನ ನಮ್ಮ ಸ್ಟೇಷನ್ನಿನ ಗೇಟಿಗೆ ಮೂವರು ಬಂದರು. ಇಬ್ಬರು ದನ ಕಳೆದುಕೊಂಡವರು, ಒಬ್ಬರು ಮಗಳಿಗೆ ವರ ಹುಡುಕುವವರು.

೩. ಘಟದ ಮುಂದೆ

ಪಾಳಿ ಸುತ್ತಿ ಮತ್ತೆ ನನಗೆ ಬಂದಾಗ ಪರೀಕ್ಷೆಗೆ ಮೂರು ವಾರ ಉಳಿದಿತ್ತು. ಇನ್ನು ಹಗಲೂ ರಾತ್ರಿಯೂ ಓದು ಎಂದು ಶಪಥ ಮಾಡಿ, ಸ್ನಾನ ಮಾಡಿ ಬಂದು ನೋಡಿದರೆ ಮೇಜು ಖಾಲಿ. ಅಂದು ದಸರೆಯ ಮೊದಲ ದಿನ, ಘಟ ಹಾಕುವ ದಿನ. ದೇವರ ಜಗಲಿಯಲ್ಲಿ ಘಟದ ಮುಂದೆ ಕುಡಗೋಲು, ಕತ್ತರಿ, ನನ್ನ ಟೆಸ್ಟರು, ಪಕ್ಕಡ್, ಅವುಗಳ ನಡುವೆ ಪುಸ್ತಕ. ಅರಿಸಿನ, ಕುಂಕುಮ, ಮೇಲೊಂದು ಚೆಂಡುಹೂವು.

"ಅವ್ವಾ, ನಂಗ ಓದಾಕ ಬೇಕದು!"

"ಪೂಜಾಕ್ಕ ಇಟ್ಟದ್ದು ಬನ್ನಿ ಮುಡಿಯೂತನಕ ಮುಟ್ಟಂಗಿಲ್ಲ."

"ಆಯುಧಾ ಇಡೂ ಖಂಡೆಪೂಜಿ ಇನ್ನೂ ಎಂಟು ದಿನ ಐತಿ. ಆಗ ಇಟ್ರಾತು."

"ಇಟ್ಟಾತಲ್ಲ, ಮತ್ಯಾಕ ತಗಿತಿ?"

ಹೆಂಡತಿಯ ಕಡೆ ನೋಡಿದೆ. ಅವಳು ಅಂಗನವಾಡಿ ಟೀಚರು. ತನ್ನ ಪರೀಕ್ಷೆಯನ್ನು ಒಂದೇ ಏಟಿಗೆ ಪಾಸು ಮಾಡಿದವಳು. "ಅತ್ತಿ ಹೇಳಿದ ಮ್ಯಾಲ ಆತು" ಎಂದು ಒಳಗೆ ಹೋದಳು. ಅಲ್ಲಿಗೆ ಮೇಲ್ಮನವಿಯ ದಾರಿಯೂ ಮುಚ್ಚಿತು. ನನಗೆ ನಿಜಕ್ಕೂ ಕಣ್ಣಲ್ಲಿ ನೀರು ಬಂತು.

"ಇದು ಕಡೀ ಛಾನ್ಸ್ ಅವ್ವಾ. ಓದದ ಹ್ಯಾಂಗ ಪಾಸಾಗಲಿ?"

ಅವ್ವ ಹೂಬತ್ತಿ ಹೊಸೆಯುತ್ತ ತಣ್ಣಗೆ ಹೇಳಿದಳು: "ಎರಡು ಸಲ ಓದಿ ಫೇಲಾದಿ. ಈ ಸಲ ಓದದ ನೋಡು."

೪. ಅಣ್ಣತಮ್ಮಂದಿರ ಪಾಲು

ಪರೀಕ್ಷೆಯ ದಿನ ನಾಲ್ವರಿಗೂ ಪುಸ್ತಕ ಬೇಕು. ಶಿಗ್ಗಾವಿಯವನು ಉಪಾಯ ಹೇಳಿದ: ನಾಲ್ಕು ಭಾಗ ಮಾಡಿಸೋಣ, ಪರೀಕ್ಷೆಯ ಹಾಲಿನಲ್ಲಿ ಬೇಕಾದ್ದನ್ನು ಅದಲುಬದಲು ಮಾಡಿಕೊಳ್ಳೋಣ. ಸವಣೂರಿನಲ್ಲಿ ಬುಕ್ ಬೈಂಡಿಂಗ್ ಮಾಡುವ ಚಾಚಾ ಒಬ್ಬರಿದ್ದರು. ಪುಸ್ತಕ ಹರಿಯಲು ಅವರು ಸುತಾರಾಂ ಒಪ್ಪಲಿಲ್ಲ. "ಇಲ್ಮಿನ ಕಿತಾಬ್ರಿ ಇದು, ವಿದ್ಯಾದ ಪುಸ್ತಕ ಹರದ್ರ ಪಾಪ ಬರ್ತೇತಿ." ನಮ್ಮ ಕಥೆ ಕೇಳಿ ಕರಗಿದರು. "ನಾಕು ಮಂದಿ ಭಾಯಿ ಇದ್ದಂಗ ಇದ್ದೀರಿ. ಒಂದು ಹಾಳಿ ಹೆಚ್ಚು ಕಮ್ಮಿ ಆಗದಂಗ ಹಿಸ್ಸೆ ಮಾಡಿ ಕೊಡ್ತೇನಿ."

ಕೊಟ್ಟದ್ದು ಪರೀಕ್ಷೆಯ ದಿನ ಬೆಳಿಗ್ಗೆ, ಅಂಟಿನ್ನೂ ಹಸಿ. ಕೆಂಪು ರೆಗ್ಸಿನ್ನಿನ ನಾಲ್ಕು ಚೆಂದದ ಪುಸ್ತಕ. ಚೀಟಿ ಎತ್ತಿ ಹಂಚಿಕೊಂಡು ಹಾವೇರಿಯ ಬಸ್ಸು ಹತ್ತಿದೆವು. ಹಾಲಿನಲ್ಲಿ ಕೂತ ಕೂಡಲೇ ಮೇಲ್ವಿಚಾರಕರು ಸಾರಿದರು: "ಪುಸ್ತಕ ಅದಲುಬದಲು ಮಾಡಿದರೆ ಹೊರಗೆ ಕಳಿಸ್ತೇವಿ."

ನನ್ನ ಪಾಲು ತೆರೆದೆ. ಚಾಚಾ ಪಾಠ ನೋಡಿ ಪಾಲು ಮಾಡಿರಲಿಲ್ಲ, ಹಾಳೆ ಎಣಿಸಿ ಮಾಡಿದ್ದರು. ನನಗೆ ಬಂದದ್ದು ಕೊನೆಯ ಪಾಲು: ಕೋಷ್ಟಕಗಳು, ಆಮೇಲೆ ಯಾವ ವಿಷಯ ಯಾವ ಪುಟದಲ್ಲಿದೆ ಎಂಬ ಪಟ್ಟಿ. ಮೊದಲ ಪ್ರಶ್ನೆ: ತೊಂದರೆಯ ಹತ್ತಿರದ ಬ್ರೇಕರೇ ಮೊದಲು ಯಾಕೆ ಬೀಳಬೇಕು, ಅದು ಕೈಕೊಟ್ಟರೆ ಹಿಂದಿನದು ಯಾಕೆ ತುಸು ತಡೆದು ಬೀಳಬೇಕು? ಪಟ್ಟಿ ನೋಡಿದೆ. ಉತ್ತರ ಪುಟ ಮುನ್ನೂರ ಹನ್ನೆರಡರಲ್ಲಿತ್ತು. ಪುಟ ಮುನ್ನೂರ ಹನ್ನೆರಡು ಎರಡು ಬೆಂಚು ಮುಂದೆ ಶಿಗ್ಗಾವಿಯವನ ತೊಡೆಯ ಮೇಲಿತ್ತು. ಪ್ರತಿ ಪ್ರಶ್ನೆಗೂ ಇದೇ ಹಣೆಬರಹ. ಎಲ್ಲಿದೆ ಎಂದು ಗೊತ್ತು, ಏನಿದೆ ಎಂದು ಗೊತ್ತಿಲ್ಲ.

ಪುಸ್ತಕ ಮುಚ್ಚಿದೆ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ ಎಂದು ನನಗೆ ಗೊತ್ತಿದ್ದದ್ದನ್ನು ಬರೆದೆ. ಇಳಿಜಾರಿನ ಬಸ್ಸನ್ನು ಮೊದಲು ಹಿಡಿಯಬೇಕಾದ್ದು ಹ್ಯಾಂಡ್‌ಬ್ರೇಕು, ಅದು ಕೈಕೊಟ್ಟರೆ ಚಕ್ರದ ಬುಡದ ಕಲ್ಲು. ಮಗಳು ತಪ್ಪು ಮಾಡಿದರೆ ಮೊದಲು ತಾಯಿ ಬೈಯಬೇಕು, ತಾಯಿ ಸುಮ್ಮನಿದ್ದರೆ ತುಸು ತಡೆದು ಅಜ್ಜಿ. ಇಬ್ಬರೂ ಒಮ್ಮೆಲೇ ಶುರುವಾದರೆ ಇಡೀ ಮನೆ ಕತ್ತಲೆ. ಹೀಗೇ ಮೂರು ತಾಸು, ಇಪ್ಪತ್ತು ವರ್ಷದ ಕೆಲಸವನ್ನೆಲ್ಲ ಬರೆದೆ. ಹೊರಗೆ ಬಂದು ಒಂದು ಮೂಲೆಯಲ್ಲಿ ಕೂತೆ.

ಫಲಿತಾಂಶ ಬಂತು. ಶಿಗ್ಗಾವಿಯವನು ಪುಸ್ತಕ ಇದ್ದದ್ದಿದ್ದಂತೆ ಇಳಿಸಿದ್ದ, ತನ್ನ ಪಾಲಿನ ಕೊನೆಯ ಪುಟದ 'ಮುಂದಿನ ಪುಟದ ಚಿತ್ರ ನೋಡಿ' ಎಂಬುದನ್ನೂ ಸೇರಿಸಿ. ಮುಂದಿನ ಪುಟ ಸವಣೂರಿನವನ ಪಾಲಿಗೆ ಹೋಗಿತ್ತು. ಫೇಲು. ಹಿರೇಕೆರೂರಿನವನು ಚಿತ್ರ ಬಹಳ ಚೆಂದ ಬಿಡಿಸಿದ್ದ, ನಡುವೆ ಟಾಯರಿನ ಗುರುತನ್ನೂ ಬಿಡದೆ. ಫೇಲು. ಪಾಸಾದದ್ದು ಸವಣೂರಿನವನು ಮತ್ತು ನಾನು.

ಓಡಿ ಮನೆಗೆ ಬಂದು ಅವ್ವನ ಕಾಲು ಹಿಡಿದೆ. "ಅವ್ವಾ, ಪಾಸಾದೆ! ಎಂಜಿನಿಯರ್ ಆದೆ!" ಅಂದೆ.

ಅವ್ವ ತಲೆ ಸವರಿದಳು. ಆಮೇಲೆ ಒಳಗಿದ್ದ ಸೊಸೆಗೆ ಕೇಳುವಂತೆ ಕೂಗಿ ಹೇಳಿದಳು:

"ನೋಡಿದ್ಯಾ? ಮೊದಲಿನ ಎರಡು ಸಲಾನೂ ಆ ಪುಸ್ತಕಾ ಕಸದು ಜಗಲಿ ಮ್ಯಾಲ ಇಟ್ಟಿದ್ರ, ಇವ ಇಷ್ಟೊತ್ತಿಗೆ ದೊಡ್ಡ ಸಾಹೇಬ ಆಗಿರ್ತಿದ್ದ."