ಐದು ಕೆಜಿ ಕಲ್ಲು, ಆಕಾಶದ ಟಿಕೆಟ್ಟು

ಡಬ್ಬದಲ್ಲಿ ಸಕ್ಕರೆ ಖರ್ಚಾಗುತ್ತಿಲ್ಲ. ಅರಸೀಕೆರೆಯ ಚಿದಂಬರಯ್ಯನವರಿಗೆ ಹೆಂಡತಿಯ ಮೇಲೆ ಅನುಮಾನ ಹುಟ್ಟಿದ್ದು ಇಲ್ಲಿಂದ.

ಬೇರೆ ಗಂಡಸರಾಗಿದ್ದರೆ ಖರ್ಚು ಉಳಿಯಿತೆಂದು ಸುಮ್ಮನಿರುತ್ತಿದ್ದರು. ಇವರು ಸುಮ್ಮನಿರುವ ಪೈಕಿಯಲ್ಲ. ಮೂವತ್ನಾಲ್ಕು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು, ಕೊಬ್ಬರಿ ಮಂಡಿಯ ತಕ್ಕಡಿಗಳನ್ನೆಲ್ಲ ನಡುಗಿಸಿ ನಿವೃತ್ತರಾದವರು. ನೌಕರಿಗೆ ನಿವೃತ್ತಿ ಉಂಟು, ಅನುಮಾನಕ್ಕೆಲ್ಲಿ ಬಂತು? ಬೀಳ್ಕೊಡುಗೆ ದಿನ ಸಹೋದ್ಯೋಗಿಗಳು ಕೊಟ್ಟ ಐದು ಕೆಜಿಯ ಕಬ್ಬಿಣದ ತೂಕದ ಕಲ್ಲು ಇವತ್ತಿಗೂ ಅವರ ಜಗುಲಿಯಲ್ಲಿ, ತಕ್ಕಡಿಯ ಪಕ್ಕದಲ್ಲೇ ವಿರಾಜಮಾನವಾಗಿದೆ. ಅಂಗಡಿಯಿಂದ ಬಂದ ಅಕ್ಕಿ ಆ ಕಲ್ಲಿನ ಎದುರು ಪರೀಕ್ಷೆ ಪಾಸಾಗದೆ ಅಡುಗೆಮನೆ ಸೇರುವಂತಿಲ್ಲ.

ಈ ಕಲ್ಲಿನ ದೆಸೆಯಿಂದ ಪೇಟೆಬೀದಿಯ ಪುಷ್ಪಲತಾ ಅವರ ಅಂಗಡಿಗೆ ಬಹಿಷ್ಕಾರ ಬಿದ್ದು ಆರು ವರ್ಷವಾಗಿತ್ತು. ಆಕೆಯ ಅಪರಾಧವೇನು ಗೊತ್ತೇ? ಐದು ಕೆಜಿ ಅಕ್ಕಿ ತಂದು ತೂಗಿದರೆ ಪ್ರತಿ ಸಲವೂ ಅಕ್ಕಿಯ ತಟ್ಟೆಯೇ ಕೆಳಗೆ. "ಕಮ್ಮಿ ಕೊಡೋ ಕಳ್ಳರನ್ನ ಕಂಡಿದ್ದೀನಿ. ಜಾಸ್ತಿ ಕೊಡ್ತಾಳೆ ಅಂದ್ರೆ ಒಳಗೆ ಇನ್ನೇನೋ ಇದೆ ಕಣೇ," ಎಂದು ಹೆಂಡತಿಗೆ ಹೇಳಿ, ಅಂಗಡಿಗೇ ಹೋಗಿ, ನಾಲ್ಕು ಜನರ ಮುಂದೆ ಗದರಿಸಿ ಬಂದಿದ್ದರು. ಆಮೇಲೆ ಅಕ್ಕಿ ಬರುತ್ತಿದ್ದದ್ದು ಚನ್ನಬಸವಯ್ಯನ ಅಂಗಡಿಯಿಂದ. ಚನ್ನಬಸವಯ್ಯ ಮೊದಲ ದಿನವೇ ಭಕ್ತಿಯಿಂದ ಕಲ್ಲನ್ನು ತರಿಸಿಕೊಂಡು, ತನ್ನ ಮೆಷಿನ್ ಮೇಲಿಟ್ಟು ನೋಡಿ, ಕೈಮುಗಿದಿದ್ದ. ಅಂದಿನಿಂದ ಅವನ ಅಕ್ಕಿ ಕೂದಲೆಳೆಯಷ್ಟೂ ಆಚೀಚೆಯಾಗಿಲ್ಲ. ಇಡೀ ಅರಸೀಕೆರೆಗೆ ಅವನೊಬ್ಬನೇ ಸತ್ಯವಂತ ಎಂಬುದು ಚಿದಂಬರಯ್ಯನವರ ತೀರ್ಪು.

ಇರಲಿ, ಸಕ್ಕರೆಗೆ ಬರೋಣ. ಹೆಂಡತಿ ವಿಶಾಲಮ್ಮ ಕಾಫಿಗೆ ಸಕ್ಕರೆ ಹಾಕಿಕೊಳ್ಳುತ್ತಿಲ್ಲ. ರಾತ್ರಿ ಊಟ ಬಿಟ್ಟಿದ್ದಾರೆ. ಶನಿವಾರ ಬಂದರೆ ಮಾಲೇಕಲ್ಲು ತಿರುಪತಿಯ ಬೆಟ್ಟದ ಮೆಟ್ಟಿಲು ಹತ್ತಿ ಇಳಿದು, ಇನ್ನೊಂದು ಸಲ ಹತ್ತುತ್ತಾರೆ. (ದೇವರ ದರ್ಶನಕ್ಕೆ ಒಂದು ಸಲ ಸಾಕಲ್ಲವೇ?) ಒಂದು ಬೆಳಿಗ್ಗೆ ಪೇಪರ್ ಓದುವ ಮೇಜಿನ ಮೇಲೆ, ಪೇಪರ್ ಹಾರದಂತೆ ಇಡುವ ಕರಿ ಗಟ್ಟಿಯ ಕೆಳಗೆ ಒಂದು ಕಾಗದ ಸಿಕ್ಕಿತು. 'ಬಾಹ್ಯಾಕಾಶ ಪ್ರವಾಸ, ಅಂತಿಮ ಸುತ್ತು. ಪ್ರಯಾಣಿಕರ ತೂಕ ಅರವತ್ತೈದು ಕೆಜಿ ಮೀರಬಾರದು.'

"ಏನೇ ಇದು?"

"ಓದಿದ್ರಲ್ಲ. ಒಂದು ಕಂಪನಿಯವರು ದುಡ್ಡಿದ್ದವರನ್ನ ಆಕಾಶಕ್ಕೆ ಕರ್ಕೊಂಡು ಹೋಗಿ ವಾಪಸ್ ತರ್ತಾರೆ. ಪ್ರಚಾರಕ್ಕೆ ಅಂತ ಒಂದು ಸೀಟು ನಮ್ಮಂಥೋರಿಗೆ ಪುಕ್ಕಟೆ. ಮೇಲೆ ನಾಲ್ಕು ನಿಮಿಷ ತೂಕವೇ ಇರಲ್ವಂತೆ."

"ತೂಕವೇ ಇರಲ್ಲ?" ಚಿದಂಬರಯ್ಯನವರ ಕನ್ನಡಕ ಮೂಗಿನ ತುದಿಗೆ ಬಂತು. "ಐವತ್ತು ಗ್ರಾಂ ಕಮ್ಮಿ ಕೊಟ್ಟವರಿಗೆ ನಾನು ದಂಡ ಹಾಕಿದ್ದೀನಿ. ಇವರು ಅರವತ್ತೈದು ಕೆಜಿಯನ್ನ ಪೂರ್ತಿ ಗುಳುಂ ಮಾಡ್ತಾರೆ, ಅದಕ್ಕೆ ಕೋಟಿಗಟ್ಟಲೆ ಟಿಕೆಟ್ ಬೇರೆ. ನನ್ನ ಸರ್ವೀಸಲ್ಲೇ ಇಂಥ ಕೇಸ್ ನೋಡಿಲ್ಲ."

"ಸ್ಪರ್ಧೆಗೆ ನಾನು ಏನು ಬರೆದೆ ಗೊತ್ತಾ? ಮೂವತ್ತಾರು ವರ್ಷ ತಕ್ಕಡಿ ಪಕ್ಕದಲ್ಲೇ ಸಂಸಾರ ಮಾಡಿದ್ದೀನಿ, ನಾಲ್ಕು ನಿಮಿಷ ತೂಕ ಇಲ್ಲದ ಜಾಗದಲ್ಲಿ ಇರಬೇಕು ಅಂತ. ಎಂಟು ಸಾವಿರ ಜನದಲ್ಲಿ ನನ್ನದು ಅವರಿಗೆ ಹಿಡಿಸ್ತು. ರೀ, ನನಗೆ ಇದು ಬೇಕು. ಗುರುವಾರ ತೂಕ ನೋಡೋಕೆ ಬರ್ತಾರೆ, ನೀವು ಬಾಯಿ ಹಾಕಬೇಡಿ."

ಹೆಂಡತಿ ಇಷ್ಟು ಆಸೆಪಟ್ಟು ಏನನ್ನಾದರೂ ಕೇಳಿದ್ದನ್ನು ಚಿದಂಬರಯ್ಯನವರು ಕಂಡಿರಲಿಲ್ಲ. ಒಂದು ಕ್ಷಣ ಪಾಪ ಎನ್ನಿಸಿತು. ಆದರೆ ಎಂಟು ಸಾವಿರ ಜನದಲ್ಲಿ ಇವಳನ್ನೇ ಯಾಕೆ ಆರಿಸಿದರು ಎಂದು ಮರುಕ್ಷಣವೇ ಅನುಮಾನವೂ ಬಂತು.

ಗುರುವಾರ ಬಂದವಳು ಮಾಲಿನಿ ಎಂಬ ಬೆಂಗಳೂರಿನ ಹುಡುಗಿ. ವಿಶಾಲಮ್ಮ ಬಳೆ ಬಿಚ್ಚಿಟ್ಟು, ಉಸಿರು ಬಿಗಿಹಿಡಿದು ಅವಳು ತಂದ ತೂಕದ ಮೆಷಿನ್ ಹತ್ತಿದರು. ಅರವತ್ನಾಲ್ಕು ಮುನ್ನೂರು.

"ಪಾಸ್ ಆದ್ರಿ, ಆಂಟಿ," ಎಂದಳು ಮಾಲಿನಿ.

"ಒಂದು ನಿಮಿಷ," ಎಂದರು ಚಿದಂಬರಯ್ಯ.

"ರೀ, ಬೇಡ," ಎಂದರು ವಿಶಾಲಮ್ಮ.

ಕೇಳುವವರು ಯಾರು? ಜಗುಲಿಯಿಂದ ಕಲ್ಲು ಬಂತು, ಮೆಷಿನ್ ಏರಿತು. ನಾಲ್ಕು ಕೆಜಿ ಎಂಟುನೂರು ಎಂದು ತೋರಿಸಿತು. ಚಿದಂಬರಯ್ಯನವರ ಮುಖದಲ್ಲಿ ಹಳೆಯ ಸರ್ವೀಸಿನ ಕಳೆ ಮರಳಿತು. "ಐದಕ್ಕೆ ಇನ್ನೂರು ಗ್ರಾಂ ಕಮ್ಮಿ ತೋರಿಸ್ತಿದೆ. ಈ ಲೆಕ್ಕದಲ್ಲಿ ನನ್ನ ಹೆಂಡತಿ ಅರವತ್ತೇಳು ಕೆಜಿ ಇದ್ದಾಳೆ. ನಾಳೆ ನಿಮ್ಮ ವಿಮಾನ ಭಾರ ತಾಳದೆ ಬಿದ್ರೆ ಯಾರಮ್ಮ ಜವಾಬ್ದಾರಿ? ಕೊಡಿ ಇಲ್ಲಿ ಫೈಲು, ಬರೆದು ರುಜು ಹಾಕ್ತೀನಿ."

ಹಾಕಿಯೂ ಬಿಟ್ಟರು, ಹಸಿರು ಇಂಕಿನಲ್ಲಿ. ಮಾಲಿನಿ ಪೆಚ್ಚಾಗಿ ಕಾರಿನಿಂದ ಇನ್ನೊಂದು ಮೆಷಿನ್ ತಂದಳು. ಅದರಲ್ಲೂ ಕಲ್ಲು ನಾಲ್ಕು ಎಂಟುನೂರೇ. "ಎರಡೂ ಒಂದೇ ಕಂಪನಿಯ ಮಾಲು, ಶಾಮೀಲಾಗಿವೆ," ಎಂದರು ಇವರು.

"ಸಾರಿ ಆಂಟಿ. ಹೀಗೆ ಬರೆದುಕೊಟ್ಟ ಮೇಲೆ ನಾನು ನಿಮ್ಮನ್ನ ಸೆಲೆಕ್ಟ್ ಮಾಡೋಕಾಗಲ್ಲ," ಎಂದು ಮಾಲಿನಿ ಫೈಲು ಮುಚ್ಚಿದಳು.

ಎರಡು ತಿಂಗಳು ಸಕ್ಕರೆಯಿಲ್ಲದ ಕಾಫಿ ಕುಡಿದ ವಿಶಾಲಮ್ಮನವರಿಗೆ ಕಣ್ಣು ತುಂಬಿ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ತಲೆಕೆಳಗು ಮಾಡಿದರು.

"ನೋಡಮ್ಮ. ತೂಕದ ಕಲ್ಲಿನ ತಳದಲ್ಲಿ ಒಂದು ಗುಳಿ ಇರುತ್ತೆ, ಅದರಲ್ಲಿ ಸೀಸ ತುಂಬಿರ್ತಾರೆ. ಇದರಲ್ಲಿ ಏನಿದೆ?"

"ಸಿಮೆಂಟ್ ಥರ ಇದೆ, ಆಂಟಿ."

"ಸಿಮೆಂಟೇ. ರಿಟೈರಾದ ವಾರ ಈ ಮಹಾನುಭಾವರಿಗೆ ಅನುಮಾನ ಬಂತು, ಜೊತೆಯವರು ಡೂಪ್ಲಿಕೇಟ್ ಕಲ್ಲು ಕೊಟ್ಟಿದ್ದಾರೆ ಅಂತ. ಸೀಸ ಅಸಲಿಯೋ ನಕಲಿಯೋ ನೋಡ್ತೀನಿ ಅಂತ ಉಳಿ ಹಾಕಿ ಕಿತ್ತರು. ವಾಪಸ್ ಕೂರಲಿಲ್ಲ. ಕಾಂಪೌಂಡಿಗೆ ಕಲೆಸಿದ್ದ ಸಿಮೆಂಟ್ ಮೆತ್ತಿದರು."

ಪೇಪರ್ ಮೇಜಿನ ಮೇಲಿದ್ದ ಕರಿ ಗಟ್ಟಿಯನ್ನು, ಅಂದರೆ ಆವತ್ತು ಕಿತ್ತ ಸೀಸವನ್ನೇ, ತಂದು ಕಲ್ಲಿನ ಜೊತೆ ಮೆಷಿನ್ ಮೇಲಿಟ್ಟರು. ಐದು ಕೆಜಿ ದಾಟಿ ಒಂದಿಷ್ಟು ತೋರಿಸಿತು. ಆ ಒಂದಿಷ್ಟು ಸಿಮೆಂಟಿನ ಪಾಲು.

ಚಿದಂಬರಯ್ಯನವರು ಮನಸ್ಸಿನಲ್ಲೇ ಚನ್ನಬಸವಯ್ಯನ ಆರು ವರ್ಷದ ಅಕ್ಕಿಯನ್ನು ತೂಗುತ್ತಿದ್ದರು. ಅವನು ಕೈಮುಗಿದದ್ದು ಯಾಕೆಂದು ಈಗ ಅರ್ಥವಾಯಿತು. ಕೈ ತಾನಾಗಿ ಪೆನ್ನು ಹುಡುಕಿ, ಹಸಿರು ಇಂಕಿನಲ್ಲೇ ಹಿಂದಿನ ರುಜುವನ್ನು ಹೊಡೆದುಹಾಕಿ ಹೊಸ ರುಜು ಹಾಕಿತು: 'ಮೆಷಿನ್ ಸರಿಯಿದೆ.' ಇಂಥ ವಾಕ್ಯ ಅವರ ಇಡೀ ಸರ್ವೀಸಿನಲ್ಲಿ ಅದೇ ಮೊದಲು.

"ಆಂಟಿ, ನೀವು ಸೆಲೆಕ್ಟ್," ಎಂದು ಮಾಲಿನಿ ಕೈಕುಲುಕಿದಳು. "ಸೋಮವಾರದಿಂದ ಹತ್ತು ದಿನ ಟ್ರೈನಿಂಗು, ಅಲ್ಲೇ ಇರಬೇಕು."

ವಿಶಾಲಮ್ಮ ಬಳೆ ತೊಟ್ಟುಕೊಂಡು, ಎರಡು ತಿಂಗಳ ನಂತರ ಮೊದಲ ಬಾರಿಗೆ ಕಾಫಿಗೆ ಅರ್ಧ ಚಮಚ ಸಕ್ಕರೆ ಹಾಕಿಕೊಂಡರು. ಒಂದು ಗುಟುಕು ಕುಡಿದು ಗಂಡನ ಕೈಗೆ ಚೀಲ ಕೊಟ್ಟರು.

"ಹತ್ತು ದಿನ ಅಡುಗೆ ನಿಮ್ಮದೇ. ಹೋಗಿ ಅಕ್ಕಿ ತನ್ನಿ. ಪುಷ್ಪಲತಾ ಅಂಗಡೀದು."

ಆರು ವರ್ಷದ ಮೇಲೆ ಆ ಅಂಗಡಿಯ ಮೆಟ್ಟಿಲು ಹತ್ತಿದ ಚಿದಂಬರಯ್ಯನವರು ತಲೆ ತಗ್ಗಿಸಿ, "ಐದು ಕೆಜಿ ಅಕ್ಕಿ," ಎಂದರು.

ಪುಷ್ಪಲತಾ ಮೊಗೆಯುವ ಬಟ್ಟಲನ್ನು ಹಿಡಿದು ಎದ್ದು ನಿಂತರು. ಮುಖದಲ್ಲಿ ನಗುವಿರಲಿಲ್ಲ, ವಿನಯವೇ ಇತ್ತು.

"ಕೊಡೋಣ ಸಾಹೇಬ್ರೇ. ಹೋದ ಸಲ ಜಾಸ್ತಿ ಆಯ್ತು ಅಂತ ಬೇಜಾರು ಮಾಡ್ಕೊಂಡಿದ್ರಿ," ಎಂದರು. "ಈ ಸಲ ಎಷ್ಟು ಕಮ್ಮಿ ಹಾಕ್ಲಿ?"