ಹಸಿ ಕಾಯಿ ಕುಡಿದ ಸಿಗ್ನಲ್

ಹಾಲ್ಕುರಿಕೆಯ ಕಾಡಸಿದ್ದಪ್ಪನವರ ಮಾತು ಮನೆಯಲ್ಲಿ ನಡೆಯುತ್ತಿದ್ದದ್ದು ಒಂದೇ ವಿಷಯದಲ್ಲಿ, ಟೀವಿಯ ಆಂಟೆನಾ. (ಮಿಕ್ಕದ್ದೆಲ್ಲ ಹೆಂಡತಿ ಗಿರಿಜಾಂಬಿಕಾ ಅವರ ಖಾತೆ.) ಕೊಬ್ಬರಿ ಅಟ್ಟದ ಹೆಂಚು ತೂರಿ ನಿಂತ ಕಂಬವನ್ನು ಅವರು ಒಂಚೂರು ತಿರುಗಿಸಿದರೆ ಸಾಕು, ಕೆಳಗೆ ಚಿತ್ರ ಪ್ರತ್ಯಕ್ಷ. ಊರೆಲ್ಲ ಕೇಬಲ್ಲು, ಡಿಶ್ಶು ಅಂತ ಕೆಟ್ಟುಹೋದರೂ ಅವರು ಮಾತ್ರ ಕಂಬ ಬಿಟ್ಟಿರಲಿಲ್ಲ.

ಒಂದು ಸಂಜೆ ಪರದೆಯ ತುಂಬ ಬರೀ ಚುಕ್ಕಿ, ಜೊರ್ರೋ ಅಂತ ಸದ್ದು.

"ಹಳೇ ಪ್ರಸಾರ ನಿಲ್ಲಿಸವ್ರಂತೆ ಭಾವ. ಇನ್ಮೇಲೆ ಎಲ್ಲಾ ಡಿಜಿಟಲ್. ಡಿಶ್ ಹಾಕ್ಸಿ," ಅಂದ ತಿಪಟೂರಿನಿಂದ ಬಂದು ಮನೆಯಲ್ಲೇ ತಂಗಿದ್ದ ಭಾಮೈದ ಪರಮೇಶ್.

"ಡಿಜಿಟಲ್ಲೂ ಇಲ್ಲ, ಗಿಜಿಟಲ್ಲೂ ಇಲ್ಲ ಕಣಪ್ಪ. ಮೊನ್ನೆ ಅಟ್ಟಕ್ಕೆ ಹಸಿ ಕಾಯಿ ತುಂಬಿಸ್ಲಿಲ್ವಾ? ಒಳಗಿನ ನೀರು ಸಿಗ್ನಲ್ ಕುಡೀತೈತೆ. ಕಾಯಿ ಒಣಗಿ ಕೊಬ್ಬರಿಯಾಗ್ಲಿ, ತಾನಾಗೇ ಬತ್ತೈತೆ."

ಕಾಯಿ ಕೊಬ್ಬರಿಯಾಗಲು ಹತ್ತಿರ ಹತ್ತಿರ ವರ್ಷ ಬೇಕು. "ಅಷ್ಟರಲ್ಲಿ ನನ್ ಧಾರಾವಾಹಿ ಸೊಸೆಗೆ ಮೊಮ್ಮಕ್ಕಳಾಗಿರ್ತವೆ!" ಅಂತ ಗಿರಿಜಾಂಬಿಕಾ ಸಿಡಿದರು. ಆಮೇಲೆ ಯಾಕೋ ಸುಮ್ಮನಾದರು. ಅವರು ಸುಮ್ಮನಾದಾಗಲೇ ಹೆದರಬೇಕು ಅನ್ನುವುದು ಇಷ್ಟು ಕಾಲ ಸಂಸಾರ ಮಾಡಿದ ಗಂಡನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಕಾಡಸಿದ್ದಪ್ಪನವರು ಕೊಬ್ಬರಿ ಮಾರುಕಟ್ಟೆಗೆ ಹೋಗಿ ಬಂದ ಸಂಜೆ ಹೆಂಡತಿ ಭಾರೀ ವಿನಯದಿಂದ, "ಒಂದ್ ಸಲ ಕಂಬ ಹಿಡ್ದು ನೋಡ್ರೀ," ಅಂದರು. ಇವರು ಅಟ್ಟ ಹತ್ತಿ, ಕಾಯಿ ರಾಶಿ ಪಕ್ಕಕ್ಕೆ ತಳ್ಳಿ, "ಹಿಡ್ದೆ ಕಣೇ!" ಅಂತ ಕೂಗಿದರು.

"ಬಂತು ಬಂತು! ಏನ್ ಚೆಂದ ಬತ್ತೈತೆ!"

"ಬುಟ್ಟೆ ಕಣೇ!"

ಟೀವಿ ಗಪ್‌ಚಿಪ್. "ಅಯ್ಯೋ, ಹೋಯ್ತು!"

"ನೋಡಿದ್ಯೇನ್ಲಾ ಪರಮೇಶಾ? ಡಿಜಿಟಲ್ಲಂತೆ!"

ಅಂದಿನಿಂದ ದಿನಾ ಸಂಜೆ ಅವರು ಅಟ್ಟದಲ್ಲಿ ಕಂಬ ಅಪ್ಪಿಕೊಂಡು ನಿಂತರು. ಕೆಳಗೆ ನಡುಮನೆಯಲ್ಲಿ ಅಕ್ಕಪಕ್ಕದ ಹೆಂಗಸರೂ ಸೇರಿದರು. ಕಾಲು ಜೋಮು ಹಿಡಿಯಿತು, ಸೊಳ್ಳೆ ಕಚ್ಚಿದವು, ಆದರೂ ಎದೆ ಉಬ್ಬಿತ್ತು.

ಒಂದು ದಿನ ಕಾಯೊಂದು ಉರುಳಿ ಅಟ್ಟದ ಕಿಟಕಿಯತ್ತ ಹೋಯಿತು. ಮರೆತು ಕಂಬ ಬಿಟ್ಟು ಅದರ ಹಿಂದೆ ಓಡಿದರು. ಕೆಳಗಿಂದ ಹೆಂಡತಿ, "ಹಾಂ, ಈಗ ಬಲೇ ಚೆನ್ನಾಗೈತೆ! ಹಂಗೇ ಹಿಡ್ಕಂಡಿರಿ!" ಅಂದರು.

ಕಾಡಸಿದ್ದಪ್ಪನವರು ತಮ್ಮ ಕೈ ನೋಡಿಕೊಂಡರು. ಕೈಯಲ್ಲಿದ್ದದ್ದು ತೆಂಗಿನಕಾಯಿ. ಕಿಟಕಿಯಿಂದ ಹಿತ್ತಲಿಗೆ ಇಣುಕಿದರು. (ಹಿತ್ತಲೂ ಹೆಂಡತಿಯ ಖಾತೆ, ಅತ್ತ ಅವರು ತಲೆ ಹಾಕಿದವರೇ ಅಲ್ಲ.) ಕೊಟ್ಟಿಗೆಯ ಸೂರಿನ ಮೇಲೆ ಹೊಸ ಡಿಶ್ ಮುಗಿಲು ನೋಡುತ್ತ ಕೂತಿತ್ತು. ಆಂಟೆನಾದ ವೈರು ಟೀವಿ ಕಡೆ ಹೋಗುವುದು ಬಿಟ್ಟು ಕೊಟ್ಟಿಗೆಯ ಗೂಟಕ್ಕೆ ಬಿಗಿದಿತ್ತು. ಅದರ ಮೇಲೆ ಅವರದೇ ಪಟಾಪಟಿ ಚಡ್ಡಿ ಒಣಗುತ್ತಿತ್ತು.

ಮೈಯೆಲ್ಲ ಉರಿದುಹೋಯಿತು. ಧಡಧಡ ಇಳಿದು ನಡುಮನೆಗೆ ನುಗ್ಗಿದರು. ಅವರ ನೆರಳು ಕಂಡಿದ್ದೇ ಗಿರಿಜಾಂಬಿಕಾ ಸೆರಗಿನೊಳಗೆ ರಿಮೋಟು ಒತ್ತಿದರು. ಪರದೆ ಕಪ್ಪಾಯಿತು.

"ಅಯ್ಯೋ, ಯಾಕಪ್ಪಾ ಇಳ್ದೆ?" ಎದುರುಮನೆಯ ಸಿದ್ದಮ್ಮಜ್ಜಿ ಎದ್ದು ಕೈಮುಗಿದಳು. "ಹತ್ತಪ್ಪಾ ಪುಣ್ಯಾತ್ಮ, ಬೇಗ ಹತ್ತು! ಹೆಂಡ್ತಿಗೋಸ್ಕರ ವಾರದಿಂದ ಕಂಬ ಹಿಡ್ದು ನಿಂತವ್ನೆ, ಇಂಥ ಗಂಡ ನಮ್ ಸೀಮೇಲೇ ಇಲ್ಲ ಕಣ್ರವ್ವಾ!"

ಹೆಂಗಸರೆಲ್ಲ ಹೂಂಗುಟ್ಟಿದರು. ಪರಮೇಶ್ ಗೋಡೆ ಕಡೆ ತಿರುಗಿ ಕೆಮ್ಮಿದ. ಕಾಡಸಿದ್ದಪ್ಪನವರು ತೆರೆದ ಬಾಯಲ್ಲೇ ಯೋಚಿಸಿದರು. ಹೆಂಡತಿಯ ಗುಟ್ಟು ಬಿಚ್ಚಿದರೆ, ತಾನು ಬಟ್ಟೆ ಒಣಗಿಸುವ ಹಗ್ಗಕ್ಕೆ ವಾರವಿಡೀ ಕಾವಲು ನಿಂತದ್ದು ಊರಿಗೆಲ್ಲ ಗೊತ್ತಾಗುತ್ತದೆ. ಬಾಯಿ ಮುಚ್ಚಿ ಅಟ್ಟ ಹತ್ತಿದರು.

"ಹಿಡ್ದೆ ಕಣೇ," ಅಂದರು ಮೆಲ್ಲಗೆ.

"ಬಂತು! ಇನ್ನೊಂಚೂರು ಎಡಕ್ಕೆ ತಿರುಗ್ಸಿ ಕಣ್ರೀ!"

ಕಾಡಸಿದ್ದಪ್ಪನವರು ತಿರುಗಿಸಿದರು.