ಸತ್ತ ಇಲಿಗಳ ಸ್ಮರಣೆಯಲ್ಲಿ ಯಕೃತ್ತಿನ ಪ್ರಸ್ತಾಪ ಮಾಡದಿರುವ ಬಗ್ಗೆ

ಔಷಧ ಸುರಕ್ಷತಾ ಪರೀಕ್ಷಾ ಕೇಂದ್ರ, ಆಡಳಿತ ಶಾಖೆ
ಸಂಖ್ಯೆ: ಔಸುಕೇ/ಇಲಿ/ಸ್ಮರಣೆ/07

ವಿಷಯ: ವಾರ್ಷಿಕ ಸ್ಮರಣೆಯಲ್ಲಿ ಪಾಲಿಸಬೇಕಾದ ಶಿಸ್ತು.

ಉಲ್ಲೇಖ: 1) ಕಳೆದ ಶುಕ್ರವಾರ ಪ್ರಾಣಿ ಸ್ಮಾರಕ ಶಿಲೆಯ ಮುಂದೆ ನಡೆದ ಘಟನೆ.
2) ಆ ಬಳಿಕ ಗುಳಿಗೆ ತಯಾರಿಸುವ ಪ್ರಾಯೋಜಕ ಕಂಪನಿಯ ಪ್ರತಿನಿಧಿಗಳು ಊಟಕ್ಕೆ ನಿಲ್ಲದೆ ರಾಜಧಾನಿ ಸಿಯೋಲ್‌ಗೆ ಮರಳಿದ್ದು.

ಮಕ್ಕಳ ಏಕಾಗ್ರತೆಗೆಂದು ವೈದ್ಯರು ಬರೆದುಕೊಡುವ ಉತ್ತೇಜಕ ಗುಳಿಗೆಯಿಂದ ಕ್ಯಾನ್ಸರ್ ಬರುವುದೇ ಎಂಬ ಪರೀಕ್ಷೆಯಲ್ಲಿ ಪ್ರಾಣಬಿಟ್ಟ ಇಲಿಗಳಿಗೆ ಎಂದಿನಂತೆ ಅಕ್ಕಿ ಕಡುಬು, ಸೇಬು, ಸೋಜು ಮದ್ಯ ಹಾಗೂ ಒಂದು ತಟ್ಟೆ ಇಲಿ ಆಹಾರವನ್ನು ಎಡೆ ಇಡಲಾಗಿತ್ತು. ಶೋಕಸಂದೇಶ ಓದಲು ನೇಮಿಸಲ್ಪಟ್ಟಿದ್ದ ಅಂಗಾಂಶ ತಜ್ಞೆ ಡಾ. ಪ್ಯೊ ಮ್ಯೊಂಗ್-ಒಕ್ ಅವರು ಮುದ್ರಿತ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು, ಶಿಲೆಯನ್ನು ಉದ್ದೇಶಿಸಿ ಹೀಗೆ ಹೇಳಿರುವುದು ನಡಾವಳಿಯಲ್ಲಿ ದಾಖಲಾಗಿದೆ: "ಹೆಚ್ಚು ಮದ್ದು ತಿಂದೋರಿಗೇ ಲಿವರ್‌ನಲ್ಲಿ ಗಂಟು ಹೆಚ್ಚು ಕಣ್ರಪ್ಪಾ. ನಾನು ನೋಡಿದೀನಿ, ಬರೆದೂ ಕೊಟ್ಟಿದೀನಿ. ವರದಿಯಲ್ಲಿ ಮಾತ್ರ ನಿಮ್ಮನ್ನ ಆರೋಗ್ಯವಾಗಿ ಸಾಯಿಸಿದಾರೆ."

ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

1. ಇಲಿಗಳ ತ್ಯಾಗವನ್ನು ಹೊಗಳತಕ್ಕದ್ದು. ತ್ಯಾಗದಿಂದ ಏನು ತಿಳಿಯಿತು ಎಂಬುದನ್ನು ಹೇಳತಕ್ಕದ್ದಲ್ಲ.

2. ದುಃಖವು ಇಲಿಗಳ ಎಲ್ಲ ಗುಂಪುಗಳಿಗೂ ಸಮನಾಗಿರತಕ್ಕದ್ದು. ಮದ್ದಿನ ಪ್ರಮಾಣ ಹೆಚ್ಚಿದಂತೆ ಕಣ್ಣೀರೂ ಹೆಚ್ಚಿದಲ್ಲಿ ಹೊರಗಿನವರು ಎರಡಕ್ಕೂ ಸಂಬಂಧ ಕಲ್ಪಿಸುವ ಸಂಭವವಿರುತ್ತದೆ. ಮದ್ದು ತಿನ್ನದ ಗುಂಪಿಗಾಗಿ ಮೊದಲು ಅಳತಕ್ಕದ್ದು.

3. ಎಡೆಯ ಆಹಾರವನ್ನು ಮದ್ದು ಬೆರೆಸದ ಚೀಲದಿಂದಲೇ ತೆಗೆಯತಕ್ಕದ್ದು. ಮರಣಾನಂತರ ಮದ್ದು ನೀಡಲು ಅನುಮೋದನೆ ಇರುವುದಿಲ್ಲ.

4. ಸತ್ತವರಿಗೆ ಎರಡು ಸಾಷ್ಟಾಂಗ, ಬದುಕಿರುವವರಿಗೆ ಒಂದು ಎಂಬುದು ಎಲ್ಲರಿಗೂ ತಿಳಿದ ವಿಷಯ. ಪಂಜರ ವಿಭಾಗದ ಗುಕ್ ಥೆ-ಹೊ ಅವರು ಶಿಲೆಗೆ ಎರಡು ಬಾರಿ ಅಡ್ಡಬಿದ್ದು, ಅದೇ ಓಘದಲ್ಲಿ ಪಕ್ಕಕ್ಕೆ ತಿರುಗಿ ಕಂಪನಿಯ ಉಪಾಧ್ಯಕ್ಷರಿಗೂ ಎರಡು ಬಾರಿ ಅಡ್ಡಬಿದ್ದಿದ್ದಾರೆ. ಉಪಾಧ್ಯಕ್ಷರು ಕಪ್ಪು ಸೂಟಿನಲ್ಲಿ ಅಲ್ಲಾಡದೆ ನಿಂತಿದ್ದರಿಂದ ಲೆಕ್ಕ ತಪ್ಪಿತೆಂಬ ವಿವರಣೆ ಒಪ್ಪತಕ್ಕದ್ದಲ್ಲ. ಉಪಾಧ್ಯಕ್ಷರು ಜೀವಂತರಾಗಿದ್ದಾರೆಂದು ಈ ಮೂಲಕ ದೃಢೀಕರಿಸಲಾಗಿದೆ.

5. ಇಲಿಯಲ್ಲಿ ಗಂಟು ಕಾಣದಿದ್ದಲ್ಲಿ ಫಲಿತಾಂಶವು ಮನುಷ್ಯರಿಗೆ ಅನ್ವಯಿಸುತ್ತದೆ. ಕಂಡಲ್ಲಿ, ಅದು ಇಲಿ ಎಂಬುದನ್ನು ನೆನಪಿಡತಕ್ಕದ್ದು. ಈ ತಳಿಗೆ ಮದ್ದಿಲ್ಲದೆಯೂ ಗಂಟು ಬರುತ್ತದೆ ಎಂಬುದು ಕಂಪನಿಯ ನಿಲುವು. ಹಾಗಾದರೆ ಮದ್ದು ತಿನ್ನದ ಗುಂಪನ್ನು ಎರಡು ವರ್ಷ ಸಾಕಿ ಹೋಲಿಸಿದ್ದು ಏತಕ್ಕೆ ಎಂದು ಡಾ. ಪ್ಯೊ ಕೇಳಿರುವ ಪ್ರಶ್ನೆಯು ಪರಿಶೀಲನೆಯಲ್ಲಿದೆ, ಅಲ್ಲಿಯೇ ಇರುತ್ತದೆ.

6. ಯಕೃತ್ತಿನ ತುಣುಕು ಅಂಟಿಸಿದ ಗಾಜಿನ ಪಟ್ಟಿಗಳನ್ನು ಸೂಕ್ಷ್ಮದರ್ಶಕದಲ್ಲಿ ಬೇರೆ ತಜ್ಞರಿಂದ ಓದಿಸಲಾಗುವುದು. ಅವರಿಗೂ ಗಂಟು ಕಂಡಲ್ಲಿ ಮತ್ತೊಬ್ಬರಿಂದ ಓದಿಸಲಾಗುವುದು. ಕಾಣದವರು ದೊರೆತ ಕೂಡಲೇ ಓದುವಿಕೆ ಮುಗಿದಿದೆ ಎಂದು ಭಾವಿಸತಕ್ಕದ್ದು.

7. ಕಾಲೇಜು ಪ್ರವೇಶ ಪರೀಕ್ಷೆ ಸಮೀಪಿಸಿದ್ದು, ಗುಳಿಗೆಗಾಗಿ ಚಿಕಿತ್ಸಾಲಯಗಳ ಮುಂದೆ ಸಾಲು ನಿಂತಿರುವ ತಾಯಂದಿರ ಏಕಾಗ್ರತೆಗೆ ಭಂಗ ತರತಕ್ಕದ್ದಲ್ಲ.

8. ಡಾ. ಪ್ಯೊ ಅವರು ಸೋಮವಾರದೊಳಗೆ ಗಂಟಿನ ಬಗೆಗಿನ ತಮ್ಮ ಲಿಖಿತ ಷರಾವನ್ನು ಹಿಂಪಡೆಯತಕ್ಕದ್ದು. ತಪ್ಪಿದಲ್ಲಿ ಅವರನ್ನು ಸೂಕ್ಷ್ಮದರ್ಶಕದಿಂದ ಬಿಡುಗಡೆಗೊಳಿಸಿ ಸ್ಮಾರಕ ಶಿಲೆ ತೊಳೆಯುವ ಹುದ್ದೆಗೆ ನಿಯೋಜಿಸಲಾಗುವುದು. ಸೋಮವಾರದವರೆಗೆ ಯಾಕೆ ಕಾಯಬೇಕು, ಬಕೆಟ್ ಎಲ್ಲಿದೆ ಎಂದು ಅವರು ಮೌಖಿಕವಾಗಿ ವಿಚಾರಿಸಿರುವುದನ್ನು ಉತ್ತರವೆಂದು ಪರಿಗಣಿಸಲಾಗಿಲ್ಲ.

ಸಹಿ/-
ಮಾ ಬ್ಯೊಂಗ್-ಗ್ಯು
ನಿರ್ದೇಶಕರು

ಪ್ರತಿಗಳು:
1. ಪ್ರಾಯೋಜಕ ಕಂಪನಿಯ ಉಪಾಧ್ಯಕ್ಷರಿಗೆ, ದೀರ್ಘಾಯುಷ್ಯದ ಹಾರೈಕೆಯೊಂದಿಗೆ.
2. ಡಾ. ಪ್ಯೊ ಅವರಿಗೆ, ಪಾಲನೆಗಾಗಿ.
3. ಸ್ಮಾರಕ ಶಿಲೆಗೆ, ಅಂಟಿಸಲು.
4. ನಿರ್ದೇಶಕರ ಸೊಸೆಗೆ, ಮನೆ ವಿಳಾಸಕ್ಕೆ (ಈ ಸಾಲನ್ನು ಉಳಿದ ಪ್ರತಿಗಳಲ್ಲಿ ಅಳಿಸತಕ್ಕದ್ದು): "ಅಮ್ಮಾ, ಪುಟ್ಟನಿಗೆ ಆ ಗುಳಿಗೆ ಇವತ್ತಿಂದ ಬೇಡ. ಡಾಕ್ಟರ ಹತ್ರ ಬೇರೆ ಏನಾದ್ರೂ ಬರೆಸ್ಕೊ. ಯಾಕೆ ಅಂತ ಫೋನಲ್ಲಿ ಕೇಳ್ಬೇಡ."